ಮಾವನ ಮರೆವಿಗೆ ಮಾಕ್ಸಾ ಶಾಖ: ಕೊಡಬಹುದಾ, ಬೇಡವಾ?

ಗಾನ್_ನದಿ_ದಂಡೆ (ನಾನ್‌ಚಾಂಗ್, ಚೀನಾ)

ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ಹತ್ತಿರ. ಕೆಲಸ, ಸಂಸಾರ ಎರಡೂ ಚೀನಾದ ಜಿಯಾಂಗ್‌ಶಿ ಪ್ರಾಂತ್ಯದ ನಾನ್‌ಚಾಂಗ್‌ನಲ್ಲಿ. ಹೆಂಡತಿ ಇಲ್ಲಿಯವಳೇ. ಈ ಬಳಗದಲ್ಲಿ ಡಾಕ್ಟ್ರುಗಳೂ ಇದ್ದೀರಿ, ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುತ್ತಿರುವವರೂ ಇದ್ದೀರಿ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

ನಮ್ಮ ಮಾವನಿಗೆ 74. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದು ನಿವೃತ್ತರಾದವರು. ಒಂದೆರಡು ವರ್ಷದಿಂದ ಮರೆವು ಜಾಸ್ತಿ. ತರಕಾರಿ ಅಂಗಡಿಯಲ್ಲಿ ಫೋನಿನಿಂದ ದುಡ್ಡು ಕಟ್ಟಿ, ನಾಲ್ಕು ಹೆಜ್ಜೆ ನಡೆದು, ವಾಪಸ್ ಬಂದು ಮತ್ತೆ ಕಟ್ಟುತ್ತಾರೆ. ಮಾಜಾಂಗ್ ಅನ್ನೋ ಇಲ್ಲಿಯ ಕಾಯಿ ಆಟ ಆಡುವಾಗ ಎದುರಿನವರು ಯಾವ ಕಾಯಿ ಬಿಟ್ಟರು ಅನ್ನೋದು ನೆನಪಿರಲ್ಲ. ಮೊದಲು ನಮ್ಮ ಬಡಾವಣೆಯಲ್ಲಿ ಇವರನ್ನು ಸೋಲಿಸೋರೇ ಇರಲಿಲ್ಲ. ಆದರೆ ಸ್ನಾನ, ಊಟ, ಬಸ್ಸು, ಬ್ಯಾಂಕು ಎಲ್ಲಾ ತಾವೇ ನಿಭಾಯಿಸ್ತಾರೆ. ನರರೋಗದ ಡಾಕ್ಟ್ರು ನೆನಪು, ಬುದ್ಧಿ ಅಳೆಯೋ ಮೋಕಾ ಪರೀಕ್ಷೆ ಮಾಡಿದರು, 30ಕ್ಕೆ 22 ಬಂತು. ಡಿಮೆನ್ಷಿಯಾ ಅಲ್ಲ, ಅದರ ಹಿಂದಿನ ಸೌಮ್ಯ ಮರೆವಿನ ಹಂತ, ಎಂಸಿಐ ಅಂದರು. ಮಾತ್ರೆ ಏನೂ ಬರೆಯಲಿಲ್ಲ. ವ್ಯಾಯಾಮ ಮಾಡಿ, ಜನರ ಜೊತೆ ಬೆರೆಯಿರಿ, ಆರು ತಿಂಗಳು ಬಿಟ್ಟು ಬನ್ನಿ ಅಂತ ಕಳಿಸಿದರು.

ಮಾತ್ರೆ ಬರೆಯದ ಡಾಕ್ಟ್ರ ಮೇಲೆ ನಮ್ಮೂರಲ್ಲಿ ಎಷ್ಟು ನಂಬಿಕೆಯೋ ಇಲ್ಲೂ ಅಷ್ಟೇ. ಹೆಂಡತಿಯ ಇಬ್ಬರು ಚಿಕ್ಕಮ್ಮಂದಿರು ಅದೇ ವಾರ ಅವರನ್ನು ಚೀನೀ ವೈದ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಹೇಳಿದ್ದು ಮಾಕ್ಸಾ ಶಾಖ: ವಾರಕ್ಕೆ ಐದು ದಿನ, ಎಂಟು ವಾರ. ಒಂದು ಜಾತಿಯ ಸೊಪ್ಪನ್ನು ಒಣಗಿಸಿ, ಕುಟ್ಟಿ, ಹತ್ತಿಯ ಹಾಗೆ ಮಾಡಿ ಕಾಗದದಲ್ಲಿ ಚುಟ್ಟಾಕ್ಕಿಂತ ದಪ್ಪಗೆ ಸುತ್ತಿರುತ್ತಾರೆ. ತುದಿಗೆ ಬೆಂಕಿ ಹಚ್ಚಿ, ಕೆಂಡವಾದ ಮೇಲೆ ಚರ್ಮದಿಂದ ಎರಡು-ಮೂರು ಸೆಂಟಿಮೀಟರ್ ಮೇಲೆ ಹಿಡಿಯೋದು. ಮೈಗೆ ತಾಗಿಸಲ್ಲ. ನೆತ್ತಿಯ ಮೇಲೆ ಒಂದು ಜಾಗ, ಮೊಣಕಾಲ ಕೆಳಗೆ ಹೊರಮಗ್ಗುಲಲ್ಲಿ ಒಂದು, ಹೊಕ್ಕುಳ ಕೆಳಗೆ ಒಂದು. ಒಂದೊಂದು ಕಡೆ ಹದಿನೈದಿಪ್ಪತ್ತು ನಿಮಿಷ. ದಿನಾ ಆಸ್ಪತ್ರೆಗೆ ಓಡಾಡೋದು ಕಷ್ಟ, ಮನೆಯಲ್ಲೇ ಅಳಿಯ ಹಿಡಿಯಲಿ ಅಂತ ಹಿರಿಯರ ಸಭೆ ತೀರ್ಮಾನ ಮಾಡಿದೆ. ಅಳಿಯ ಅಂದ್ರೆ ನಾನು.

ಎರಡೇ ಪ್ರಶ್ನೆ. ಇದರಿಂದ ನೆನಪು ನಿಜಕ್ಕೂ ಸುಧಾರಿಸುತ್ತಾ? ಮಾವನಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಏನಾದರೂ ಎಡವಟ್ಟಾಗುತ್ತಾ? ದಯವಿಟ್ಟು ಮೂಢನಂಬಿಕೆ ಅಂತ ಒಂದೇ ಮಾತಲ್ಲಿ ತಳ್ಳಿಹಾಕಬೇಡಿ. ಇಲ್ಲಿ ಸರ್ಕಾರಿ ಆಸ್ಪತ್ರೆಯಲ್ಲೇ ಇದಕ್ಕೆ ವಿಭಾಗ ಇದೆ, ವಿಮೆ ಇದೆ, ಡಿಗ್ರಿ ಇದೆ.

ಹಿರಿಯರ_ಡಾಕ್ಟ್ರು (ಮೈಸೂರು)

ಶಾಖದ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಇಷ್ಟು ಹೇಳಿ: ರಕ್ತದಲ್ಲಿ ವಿಟಮಿನ್ ಬಿ12 ನೋಡಿದ್ದಾರಾ? ಥೈರಾಯ್ಡ್? ಕಿವಿ ಹೇಗಿದೆ? ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆ, ಪದೇಪದೇ ಮೂತ್ರ ಬರೋದಕ್ಕೆ ಅಂತ ಮಾತ್ರೆ, ಇವುಗಳಲ್ಲಿ ಏನಾದರೂ ತಗೋತಾರಾ? ಗೊರಕೆ ಇದೆಯಾ? ನಿವೃತ್ತಿಯಾದ ಮೇಲೆ ಮಂಕಾಗಿದ್ದಾರಾ? ಸಕ್ಕರೆಗೆ ಮೆಟ್‌ಫಾರ್ಮಿನ್ ನಡೀತಿದ್ರೆ ಬಿ12 ನೋಡಿಸಲೇಬೇಕು. ವರ್ಷಗಟ್ಟಲೆ ಅದನ್ನು ತಗೊಂಡವರಲ್ಲಿ ಬಿ12 ಇಳಿಯೋದು ನಾವು ದಿನಾ ನೋಡೋ ವಿಷಯ.

ಎಂಸಿಐ ಅಂದ ತಕ್ಷಣ ಮನೆಯವರ ಕಿವಿಗೆ ಡಿಮೆನ್ಷಿಯಾ ಅಂತಲೇ ಕೇಳಿಸುತ್ತೆ. ಅಮೆರಿಕದ ನರವಿಜ್ಞಾನ ಅಕಾಡೆಮಿಯ 2018ರ ಮಾರ್ಗಸೂಚಿಯ ಲೆಕ್ಕ ನೋಡಿ: 65 ದಾಟಿದ ಎಂಸಿಐನವರನ್ನು ಎರಡು ವರ್ಷ ಹಿಂಬಾಲಿಸಿದರೆ ಡಿಮೆನ್ಷಿಯಾಕ್ಕೆ ಜಾರಿದವರು ಶೇ 14.9. ಉಳಿದವರಲ್ಲಿ ಬಹಳ ಜನ ಇದ್ದ ಹಾಗೇ ಇರ್ತಾರೆ, ಕೆಲವರು ಮೊದಲಿನ ಸ್ಥಿತಿಗೆ ವಾಪಸ್ಸೂ ಬರ್ತಾರೆ. ಹಾಗೆ ತಾವಾಗೇ ಸುಧಾರಿಸಿದವರು ಆ ಹೊತ್ತಿಗೆ ಯಾವ ಚಿಕಿತ್ಸೆ ಮಾಡಿಸ್ತಿದ್ರೋ ಅದಕ್ಕೇ ಕೀರ್ತಿ ಹೋಗುತ್ತೆ. ಈ ಹಂತದ ಚಿಕಿತ್ಸೆಗಳ ಬಗ್ಗೆ ಯಾರು ಏನೇ ಹೇಳಿದ್ರೂ ಇದನ್ನು ಪಕ್ಕದಲ್ಲಿಟ್ಟುಕೊಂಡು ಕೇಳಿ.

ನಿಮ್ಮ ನರರೋಗದ ಡಾಕ್ಟ್ರು ಮಾತ್ರೆ ಬರೆಯದೇ ಇದ್ದದ್ದು ಸರಿಯಾಗೇ ಇದೆ. ಡಿಮೆನ್ಷಿಯಾಕ್ಕೆ ಕೊಡೋ ಡೊನೆಪೆಜಿಲ್ ಥರದ ಮಾತ್ರೆಗಳಿಂದ ಎಂಸಿಐನಲ್ಲಿ ಲಾಭ ಕಂಡಿಲ್ಲ. ಅಲ್‌ಝೈಮರ್‌ನ ಆರಂಭದ ಹಂತಕ್ಕೆ ಕೊಡೋ ಲೆಕಾನೆಮ್ಯಾಬ್ ಅನ್ನೋ ಇಂಜೆಕ್ಷನ್‌ಗೆ 2024ರ ಜನವರಿಯಲ್ಲಿ ಚೀನಾದಲ್ಲೂ ಅನುಮತಿ ಸಿಕ್ಕಿದೆ. ಆದರೆ ಮೆದುಳಲ್ಲಿ ಅಮೈಲಾಯ್ಡ್ ಅನ್ನೋ ಪ್ರೋಟೀನ್ ಕಟ್ಟಿಕೊಂಡಿದೆ ಅಂತ ಖಾತ್ರಿಯಾದವರಿಗೆ ಮಾತ್ರ ಅದು. ಮೆದುಳು ಊದಿಕೊಳ್ಳೋದು, ಸಣ್ಣ ರಕ್ತಸ್ರಾವ ಆಗೋದು ಇದೆಯಾದ್ದರಿಂದ ಮತ್ತೆಮತ್ತೆ ಎಂಆರ್‌ಐ ಮಾಡಿಸ್ತಿರಬೇಕು.

ಸೂಜಿ_ಮದ್ದು (ಬೆಂಗಳೂರು)

ನಾನು ಆಕ್ಯುಪಂಕ್ಚರ್ ಮಾಡಿ ಹೊಟ್ಟೆ ಹೊರೆಯೋನು, ಪಕ್ಷಪಾತಿ ಅಂತ ಮೊದಲೇ ಅಂದುಕೊಂಡು ಓದಿ.

ಚೀನೀ ವೈದ್ಯದಲ್ಲಿ ಸೂಜಿ ಮತ್ತು ಮಾಕ್ಸಾ ಜೋಡಿ. ಬಹುಶಃ ಶಾಖವೇ ಅಣ್ಣ. ಹುನಾನ್‌ನ ಚಾಂಗ್‌ಶಾ ಹತ್ತಿರ ಮಾವಾಂಗ್‌ದ್ವೇ ಅನ್ನೋ ಕಡೆ ಹಾನ್ ಕಾಲದ ಗೋರಿಗಳನ್ನು ಅಗೆದಾಗ, 1973ರಲ್ಲಿ, ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ಸಿಕ್ಕವು. ಆ ಗೋರಿ ಮುಚ್ಚಿದ್ದು ಕ್ರಿ.ಪೂ. 168ರಲ್ಲಿ. ಅದರಲ್ಲಿ ದೇಹದ ಹನ್ನೊಂದು ನಾಡಿಮಾರ್ಗಗಳಿವೆ, ಅವುಗಳ ಮೇಲೆ ಶಾಖ ಕೊಡೋ ಕ್ರಮ ಇದೆ, ಸೂಜಿಯ ಸುದ್ದಿಯೇ ಇಲ್ಲ. ಆಮೇಲಿನ ಗ್ರಂಥದಲ್ಲಿ ಸೂಜಿಯಿಂದ ಆಗದ್ದಕ್ಕೆ ಶಾಖ ಅನ್ನೋ ಮಾತು ಬರುತ್ತೆ. ಹಳೆ ಕಾಲದಲ್ಲಿ ಇದು ಹೆಂಗಸರ ಕೈಯಲ್ಲೂ ಇತ್ತು. ನಾಲ್ಕನೇ ಶತಮಾನದ ಬಾವ್ ಗೂ ಅನ್ನೋ ವೈದ್ಯೆ ಗ್ವಾಂಗ್‌ಜೌನಲ್ಲಿ ಇದೇ ಸೊಪ್ಪಿನ ಶಾಖಕ್ಕೆ ಹೆಸರಾಗಿದ್ದಳು, ಇವತ್ತಿಗೂ ಅಲ್ಲಿ ಅವಳಿಗೆ ಪೂಜೆ ಇದೆ. 2010ರಲ್ಲಿ ಯುನೆಸ್ಕೊ ಆಕ್ಯುಪಂಕ್ಚರ್ ಮತ್ತು ಮಾಕ್ಸಾ ಎರಡನ್ನೂ ಸೇರಿಸಿ ಪರಂಪರೆಯ ಪಟ್ಟಿಗೆ ಹಾಕಿತು.

ನಿಮ್ಮ ಮಾವನಿಗೆ ಹೇಳಿರೋ ಜಾಗಗಳು ಶಾಸ್ತ್ರದ ಪ್ರಕಾರವೇ ಇವೆ. ನೆತ್ತಿಯದ್ದು ಬೈಹ್ವೇ, ಕಾಲಿನದ್ದು ಜು ಸಾನ್ ಲಿ, ಹೊಕ್ಕುಳ ಕೆಳಗಿನದ್ದು ಗ್ವಾನ್‌ಯುವಾನ್. ಮೆದುಳು ಮಜ್ಜೆಯ ಸಮುದ್ರ, ಅದನ್ನು ತುಂಬಿಸೋದು ಮೂತ್ರಪಿಂಡದ ಸತ್ವ, ವಯಸ್ಸಾದಂತೆ ಸತ್ವ ಕುಗ್ಗಿ ಮೈ ತಣ್ಣಗಾಗುತ್ತೆ, ಹೊರಗಿಂದ ಶಾಖ ಕೊಟ್ಟು ಮೇಲೆತ್ತಬೇಕು ಅನ್ನೋದು ಅವರ ವಿವರಣೆ. ನನ್ನ ಬಳಿ ಬರೋ ವಯಸ್ಸಾದವರಲ್ಲಿ ನಿದ್ದೆ, ಹಸಿವು, ಕಾಲು ತಣ್ಣಗಾಗೋದು ಇವೆಲ್ಲ ಸುಧಾರಿಸಿದ್ದು ನೋಡಿದ್ದೀನಿ. ನೆನಪು ವಾಪಸ್ ಬರುತ್ತೆ ಅಂತ ನಾನು ಯಾರಿಗೂ ಮಾತು ಕೊಡಲ್ಲ.

ಲೆಕ್ಕದ_ಶಾನುಭೋಗ (ಧಾರವಾಡ)

ಸೂಜಿ_ಮದ್ದು ಅವರ ಕಡೆಯ ವಾಕ್ಯಕ್ಕೆ ನನ್ನ ಸಲಾಂ. ಉಳಿದಂತೆ, ಎರಡು ಸಾವಿರ ವರ್ಷ ಹಳೆಯದು ಅನ್ನೋದು ಇತಿಹಾಸ ಅಷ್ಟೇ, ಪುರಾವೆ ಅಲ್ಲ.

ಎಂಸಿಐಗೆ ಮಾಕ್ಸಾ ಕೊಟ್ಟು ನೋಡಿದ ಅಧ್ಯಯನಗಳು ಇವೆ, ಹೆಚ್ಚುಕಡಿಮೆ ಎಲ್ಲವೂ ಚೀನಾದವು. ಅವುಗಳನ್ನು ಒಟ್ಟುಗೂಡಿಸಿದ ವಿಮರ್ಶೆಗಳೂ ಇವೆ. ಹೆಚ್ಚಿನವು ಲಾಭ ಇದೆ ಅನ್ನುತ್ತವೆ, ಅದರ ಜೊತೆಗೇ ಪುರಾವೆಯ ಗುಣಮಟ್ಟ ಕಡಿಮೆ ಅಂತಲೂ ಸೇರಿಸುತ್ತವೆ. ಯಾಕೆ ಅಂತ ಹೇಳ್ತೀನಿ.

ಮೊದಲನೆಯದು, ಹೋಲಿಕೆ ಯಾವುದರ ಜೊತೆ? ಒಂದು ಗುಂಪಿಗೆ ಮಾಕ್ಸಾ, ಇನ್ನೊಂದಕ್ಕೆ ಮಾತ್ರೆ ಅಥವಾ ಏನೂ ಇಲ್ಲ. ಶಾಖ ಮೈಗೆ ಗೊತ್ತಾಗುತ್ತೆ, ಹೊಗೆ ಮೂಗಿಗೆ ಗೊತ್ತಾಗುತ್ತೆ. ಸುಳ್ಳು ಮಾಕ್ಸಾ ಮಾಡೋಕೆ ಉಪಕರಣಗಳಿವೆ, ಆದರೂ ರೋಗಿಗೆ ಗೊತ್ತಾಗದ ಹಾಗೆ ಮಾಡೋದು ಬಲು ಕಷ್ಟ. ಎರಡನೆಯದು ಅಂಕದ್ದು. ಎಂಟು ವಾರ ಬಿಟ್ಟು ಅದೇ ಮೋಕಾ ಅದೇ ಮನುಷ್ಯನಿಗೆ ಮಾಡಿದ್ರೆ ಪರೀಕ್ಷೆ ಪರಿಚಯ ಆಗಿಬಿಟ್ಟಿರುತ್ತೆ. ಒಂದೆರಡು ಅಂಕ ಸುಮ್ಮನೆ ಏರೋದು ಸಹಜ. ಇನ್ನು ಅವಧಿ: ಬಹಳಷ್ಟು ಅಧ್ಯಯನಗಳು ಕೆಲವೇ ವಾರಗಳವು. ಡಿಮೆನ್ಷಿಯಾಕ್ಕೆ ಜಾರೋದನ್ನು ತಡೆಯಿತಾ ಅನ್ನೋ ಅಸಲಿ ಪ್ರಶ್ನೆಗೆ ವರ್ಷಗಟ್ಟಲೆ ಕಾಯಬೇಕು.

ದೇಶದ ಮಾತೂ ಇದೆ. 1998ರಲ್ಲಿ ವಿಕರ್ಸ್ ಅನ್ನೋ ಸಂಶೋಧಕ ಮತ್ತು ಜೊತೆಗಾರರು ಆಕ್ಯುಪಂಕ್ಚರ್ ಪ್ರಯೋಗಗಳನ್ನು ದೇಶವಾರು ಬಿಡಿಸಿ ನೋಡಿದಾಗ ಚೀನಾ, ಜಪಾನ್, ಹಾಂಗ್‌ಕಾಂಗ್, ತೈವಾನ್‌ನಿಂದ ಬಂದ ಒಂದೊಂದು ಪ್ರಯೋಗವೂ ಗೆದ್ದಿತ್ತು. ಸೋತದ್ದು ಒಂದೂ ಇಲ್ಲ! ಸೋತವು ಅಚ್ಚಿಗೇ ಹೋಗಲಿಲ್ಲ ಅಂತ ತಾನೇ ಅರ್ಥ.

ಮಾಕ್ಸಾದ್ದೇ ಒಂದು ಕತೆ ಹೇಳ್ತೀನಿ. ಗಾನ್_ನದಿ ಅವರೇ, ನಿಮ್ಮ ಜಿಯಾಂಗ್‌ಶಿಯಲ್ಲೇ ನಡೆದದ್ದು. ಹೊಟ್ಟೆಯಲ್ಲಿ ಮಗು ತಲೆ ಮೇಲಾಗಿ ಕೂತಿದ್ದ 260 ಚೊಚ್ಚಲ ಗರ್ಭಿಣಿಯರಲ್ಲಿ ಅರ್ಧ ಜನಕ್ಕೆ ಕಾಲಿನ ಕಿರುಬೆರಳ ಅಂಚಿಗೆ ಮಾಕ್ಸಾ ಕೊಟ್ಟರು. 35ನೇ ವಾರಕ್ಕೆ ಆ ಗುಂಪಲ್ಲಿ ಶೇ 75.4 ಮಕ್ಕಳು ತಿರುಗಿದ್ದವು, ಇನ್ನೊಂದರಲ್ಲಿ ಶೇ 47.7. 1998ರಲ್ಲಿ ಜಾಮಾ ಅನ್ನೋ ಅಮೆರಿಕದ ವೈದ್ಯಪತ್ರಿಕೆಯಲ್ಲಿ ಬಂತು, ಜಗತ್ತೆಲ್ಲ ಸುದ್ದಿಯಾಯ್ತು. ಅದೇ ಮುಖ್ಯ ಸಂಶೋಧಕರು ಇಟಲಿಯಲ್ಲಿ ಇದನ್ನೇ ಮಾಡಹೊರಟಾಗ ಹೆಂಗಸರು ವಾಸನೆ, ವಾಕರಿಕೆ ಅಂತ ಅರ್ಧಕ್ಕೇ ಬಿಟ್ಟರು. ಪ್ರಯೋಗ ಅವಧಿಗೆ ಮುಂಚೆ ನಿಂತಿತು, ಗುಂಪುಗಳ ನಡುವೆ ವ್ಯತ್ಯಾಸವೇ ಇರಲಿಲ್ಲ. 2005ರಲ್ಲಿ ಅದನ್ನೂ ಪ್ರಕಟಿಸಿದರು, ಪ್ರಾಮಾಣಿಕರು. ಆಮೇಲಿನ ಒಟ್ಟು ವಿಮರ್ಶೆಗಳಲ್ಲಿ ಅಷ್ಟಿಷ್ಟು ಲಾಭ ಇದೆ ಅಂತಲೇ ಇದೆ ಅನ್ನಿ. ಆದರೆ ಆ ಮೊದಲ ದೊಡ್ಡ ಅಂಕಿ ನಿಲ್ಲಲಿಲ್ಲ. ಮರೆವಿನ ಮಾಕ್ಸಾಕ್ಕೆ ಅಂಥ ಎರಡನೇ ಪರೀಕ್ಷೆ ಆದದ್ದು ನನಗೆ ಗೊತ್ತಿಲ್ಲ.

ಬೆಳವಲ_ಹುಡುಗ (ಗದಗ)

ಅಣ್ಣಾರ, ಇದನ್ನ ಓದಿದ್ರ ನಮ್ಮ ಕಡೆ ಬರಿ ಹಾಕೋದು ನೆನಪಾತ್ರಿ. ಕಾಮಣಿ ಆದ್ರ ಕೈ ಮ್ಯಾಲ, ಸಣ್ಣ ಹುಡುಗ್ರಿಗೆ ಹೊಟ್ಟಿ ಉಬ್ಬಿದ್ರ ಹೊಕ್ಕಳ ಸುತ್ತ, ಬಳಿ ಚೂರು ಕಾಸಿ ಚುರ್ ಅನ್ನಸ್ತಿದ್ರು. ನಮ್ಮ ಸ್ವಾದರಮಾವಗ ಇನ್ನೂ ಹೊಟ್ಟಿ ಮ್ಯಾಲ ಕಲಿ ಅದಾವು. ಅದನ್ನ ಬ್ಯಾಡಂತ ಆಶಾ ಅಕ್ಕಾರು ಮನಿ ಮನಿಗೆ ತಿರಗಿ ಹೇಳಾಕತ್ತಾರ. ಚೀನಾದವ್ರು ಮಾಡಿದ್ರ ಅದ ಹೆಂಗ ಶಾಸ್ತ್ರ ಆತ್ರಿ?

ಗಾನ್_ನದಿ_ದಂಡೆ

ಗದಗಿನ ಅಣ್ಣ, ಪ್ರಶ್ನೆ ನ್ಯಾಯವಾಗೇ ಇದೆ. ಹಿಂದೆ ಇಲ್ಲೂ ಚರ್ಮದ ಮೇಲೇ ಸೊಪ್ಪಿನ ಉಂಡೆ ಇಟ್ಟು ಸುಡ್ತಿದ್ರು. ಬೊಬ್ಬೆ ಎದ್ದು ಕೀವಾಗಿ ಕಲೆ ಉಳಿಯಬೇಕು, ಆಗಲೇ ಗುಣ ಅಂತ ನಂಬಿಕೆ. ಕ್ಷೇಮವಾಗಿರಬೇಕಾದ್ರೆ ಮೊಣಕಾಲ ಕೆಳಗಿನ ಆ ಜಾಗ ಯಾವತ್ತೂ ಒಣಗಬಾರದು ಅಂತ ಗಾದೆಯೇ ಇದೆ. ಒಣಗಬಾರದು ಅಂದ್ರೆ ಹುಣ್ಣು ಮಾಯಬಾರದು! ಹೆಂಡತಿಯ ಅಜ್ಜಿಗೆ ಎರಡೂ ಕಾಲಲ್ಲಿ ಹುಣಸೆಬೀಜದ ಗಾತ್ರದ ಕಲೆ ಇತ್ತಂತೆ. ಈಗ ಆಸ್ಪತ್ರೆಗಳಲ್ಲಿ ಮಾಡೋದು ಹೆಚ್ಚಾಗಿ ದೂರದ ಶಾಖ. ಚರ್ಮ ಕೆಂಪಗಾಗಬೇಕು, ಸುಡಬಾರದು.

ನಮ್ಮ ನಾನ್‌ಚಾಂಗ್‌ನಲ್ಲಿ ಇದರದ್ದೇ ಇನ್ನೊಂದು ಪಂಥ ಇದೆ. ಇಲ್ಲಿಯ ಚೀನೀ ವೈದ್ಯ ವಿಶ್ವವಿದ್ಯಾಲಯದ ಚೆನ್ ರಿಶಿನ್ ಬೆಳೆಸಿದ್ದು. ಕೆಲವರಿಗೆ ಮೈಮೇಲೆ ಒಂದೊಂದು ಜಾಗದಲ್ಲಿ ಶಾಖ ಮೇಲೇ ನಿಲ್ಲದೆ ಒಳಗೆ ಇಳಿದ ಹಾಗೆ, ಅಲ್ಲಿಂದ ಇನ್ನೆಲ್ಲಿಗೋ ಹರಿದ ಹಾಗೆ ಅನ್ನಿಸುತ್ತಂತೆ. ಆ ಜಾಗ ಹುಡುಕಿ, ಆ ಅನುಭವ ತಾನಾಗೇ ಕುಂದುವ ತನಕ ಹಿಡಿಯೋದು. ಮಾವನಿಗೆ ಮೊನ್ನೆ ಕಾಲಿಗೆ ಹಿಡಿದಾಗ "ಬಿಸಿ ಪಾದಕ್ಕೆ ಹೋಯ್ತು" ಅಂದರು, ಚಿಕ್ಕಮ್ಮಂದಿರ ಮುಖ ನೋಡಬೇಕಿತ್ತು.

ಸೊಪ್ಪಿನ ವ್ಯಾಪಾರವೂ ಸಣ್ಣದಲ್ಲ. ಪಕ್ಕದ ಹೂಬೇ ಪ್ರಾಂತ್ಯದ ಚೀಚುನ್ ಸೊಪ್ಪು ಅಂದ್ರೆ ಎಲ್ಲಕ್ಕಿಂತ ಮೇಲು. ಹದಿನಾರನೇ ಶತಮಾನದ ದೊಡ್ಡ ಗಿಡಮೂಲಿಕೆ ಪಂಡಿತ ಲಿ ಶಿಜೆನ್ ಅದೇ ಊರಿನವನು. ಐದನೇ ತಿಂಗಳ ಐದನೇ ದಿನ, ದೋಣಿ ಹಬ್ಬದ ಹೊತ್ತಿಗೆ ಕೊಯ್ದು, ಒಂದು ಕಟ್ಟು ಬಾಗಿಲಿಗೂ ಸಿಕ್ಕಿಸ್ತಾರೆ. ಮೂರು ವರ್ಷ ಹಳೆಯದಾದ್ರೆ ಬೆಲೆ ಜಾಸ್ತಿ, ಎಲೆಯ ಪುಡಿಯೆಲ್ಲ ಜರಡಿ ಹಿಡಿದು ಬರೀ ನಾರು ಉಳಿಸಿದ್ರೆ ಇನ್ನೂ ಜಾಸ್ತಿ. ಅಗ್ಗದ್ದು ಕಿಡಿ ಉದುರಿಸುತ್ತೆ.

ಕುಡ್ಲದ_ಮಗಳು (ಮಂಗಳೂರು)

ಮಾರಾಯ್ರೆ, ಶುಗರ್ ಇದ್ದವರಿಗೆ ಜಾಗ್ರತೆ. ನನ್ನ ಅಮ್ಮನಿಗೆ ಪಾದದಲ್ಲಿ ಸ್ಪರ್ಶ ಕಡಿಮೆ ಉಂಟು. ಕಾಲು ನೋವೆಂದು ಬಿಸಿನೀರಿನ ಚೀಲ ಇಟ್ಟು ನಿದ್ದೆ ಹೋಗಿದ್ದರು. ಬೆಳಿಗ್ಗೆ ನೋಡುವಾಗ ಹಿಮ್ಮಡಿಯಲ್ಲಿ ದೊಡ್ಡ ಬೊಬ್ಬೆ. ನೋವೇ ಗೊತ್ತಾಗಲಿಲ್ಲ ಅವರಿಗೆ. ಆ ಗಾಯ ಮಾಯುವಾಗ ಮಳೆಗಾಲ ಮುಗಿದಿತ್ತು. ಅದು ಬಿಸಿನೀರು, ನಿಮ್ಮದು ಕೆಂಡ.

ಹಿರಿಯರ_ಡಾಕ್ಟ್ರು

ಇವರು ಹೇಳಿದ್ದನ್ನು ಎಲ್ಲಕ್ಕಿಂತ ಮೇಲೆ ಇಡಿ. ಮಾವನ ಪಾದ, ಮೊಣಕಾಲ ಕೆಳಗೆ ಸ್ಪರ್ಶ ಸರಿ ಇದೆಯಾ ಅಂತ ಮೊದಲು ನೋಡಿಸಿ. ನೈಲಾನ್ ಎಳೆಯಿಂದ ಮೆಲ್ಲಗೆ ಒತ್ತಿ ನೋಡೋ ಪರೀಕ್ಷೆ, ಎರಡು ನಿಮಿಷದ ಕೆಲಸ. ಸ್ಪರ್ಶ ಕಡಿಮೆ ಇದ್ರೆ ಕಾಲಿಗೆ ಮಾಕ್ಸಾ ಬೇಡವೇ ಬೇಡ, ಯಾವ ಶಾಸ್ತ್ರ ಏನೇ ಹೇಳಲಿ. "ಸಾಕು, ಸುಡ್ತಿದೆ" ಅಂತ ರೋಗಿ ಹೇಳ್ತಾರೆ ಅನ್ನೋ ಭರವಸೆಯ ಮೇಲೆ ಈ ಚಿಕಿತ್ಸೆ ನಿಂತಿದೆ. ಸ್ಪರ್ಶ ಇಲ್ಲದವರು ಹೇಳಲ್ಲ, ಮರೆವು ಇರೋರು ಹೇಳೋದನ್ನೇ ಮರೀಬಹುದು. 49 ಡಿಗ್ರಿ ಬಿಸಿ ಹತ್ತು ನಿಮಿಷದೊಳಗೆ ಚರ್ಮ ಸುಡುತ್ತೆ. 60 ಡಿಗ್ರಿಗೆ ಕೆಲವು ಸೆಕೆಂಡ್ ಸಾಕು. ಕೈ ಒಂದಿಷ್ಟು ಕೆಳಗೆ ಬಂದ್ರೂ ಕೆಂಡದ ಶಾಖ ಎಷ್ಟು ಏರುತ್ತೆ ಯೋಚಿಸಿ. ನೆತ್ತಿಯ ಮೇಲಂತೂ ಕೂದಲು, ಬೂದಿ ಎರಡೂ ಇದೆ.

ಇನ್ನು ಹೊಗೆ. ಏನೇ ಹೆಸರಿಟ್ಟರೂ ಅದು ಎಲೆ ಸುಟ್ಟ ಹೊಗೆ. ಸೂಕ್ಷ್ಮ ಕಣಗಳು, ಕಾರ್ಬನ್ ಮೊನಾಕ್ಸೈಡ್, ಫಾರ್ಮಾಲ್ಡಿಹೈಡ್ ಎಲ್ಲಾ ಅದರಲ್ಲಿವೆ. ಆಸ್ತಮಾ ಇದ್ರೆ, ಹಿಂದೆ ಸಿಗರೇಟು ಸೇದಿ ಶ್ವಾಸಕೋಶ ಕೆಟ್ಟಿದ್ರೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ದಿನಾ ಒಂದು ಗಂಟೆ ಇದು ಬೇಡ. ವಾಯುಮಾಲಿನ್ಯವೇ ಡಿಮೆನ್ಷಿಯಾಕ್ಕೆ ಒಂದು ಕಾರಣ ಅಂತ ಲ್ಯಾನ್ಸೆಟ್ ಅನ್ನೋ ವೈದ್ಯಪತ್ರಿಕೆಯ ತಜ್ಞರ ಆಯೋಗದ ಪಟ್ಟಿಯಲ್ಲಿದೆ. ಮರೆವಿಗೆ ಅಂತ ಮನೆ ತುಂಬ ಹೊಗೆ ಹಾಕೋದು ನನಗೆ ಜೀರ್ಣ ಆಗಲ್ಲ.

ವುಹಾನ್_ಬ್ಯಾಚ್ (ಕಲಬುರಗಿ)

ನಾನು ಎಂಬಿಬಿಎಸ್ ಓದಿದ್ದು ವುಹಾನ್‌ನಲ್ಲಿ. ಚೀನೀ ವೈದ್ಯದ ವಾರ್ಡಿಗೂ ನಮ್ಮನ್ನು ಕಳಿಸ್ತಿದ್ರು. ಡಾಕ್ಟ್ರು ಹೇಳಿದ ಹೊಗೆಯ ಮಾತು ಸರಿ, ಅದಕ್ಕೇ ದೊಡ್ಡ ಆಸ್ಪತ್ರೆಗಳಲ್ಲಿ ಮಂಚದ ಮೇಲೆ ಹೊಗೆ ಎಳೆಯೋ ಕೊಳವೆ ಇರುತ್ತೆ. ಆದ್ರೂ ಸಂಜೆ ಹಾಸ್ಟೆಲ್ಲಿಗೆ ಬಂದ್ರೆ ಅಂಗಿಯಿಂದ ವಾಸನೆ ಹೋಗ್ತಿರಲಿಲ್ಲ. ಕೈಯಲ್ಲಿ ಹಿಡಿಯೋದು ಕಡಿಮೆ, ಬಿದಿರಿನ ಡಬ್ಬಿಯೊಳಗೆ ತಂತಿಜಾಲರಿ, ಅದರ ಮೇಲೆ ಕಡ್ಡಿಯ ತುಂಡು, ಡಬ್ಬಿಯನ್ನು ಬೆಲ್ಟಿಂದ ಕಾಲಿಗೆ ಕಟ್ಟೋದು.

ನಾನು ಅಲ್ಲಿ ಗಮನಿಸಿದ್ದು ಬೇರೆ. ನರ್ಸಮ್ಮ ಕೆಲವು ನಿಮಿಷಕ್ಕೊಮ್ಮೆ ಬಂದು, ತನ್ನ ಎರಡು ಬೆರಳು ರೋಗಿಯ ಚರ್ಮದ ಮೇಲೆ ಇಟ್ಟು ಬಿಸಿ ಎಷ್ಟಿದೆ ನೋಡ್ತಾಳೆ. "ಅಜ್ಜಾ, ಬಿಸಿ ಇದೆಯಾ? ಮೊಮ್ಮಗ ಪರೀಕ್ಷೆ ಬರೆದ್ನಾ?" ಅಂತಾಳೆ. ಪಕ್ಕದ ಮಂಚದವರು ಮಾತಿಗೆ ಸೇರ್ತಾರೆ. ಒಂದು ಗಂಟೆ ಹೀಗೆ, ವಾರಕ್ಕೆ ಐದು ದಿನ. ಮನೆಯಲ್ಲಿ ಒಬ್ಬರೇ ಟಿವಿ ನೋಡ್ತಿದ್ದ ಮನುಷ್ಯನಿಗೆ ಇದು ದೊಡ್ಡ ಬದಲಾವಣೆ. ಹೋಲಿಕೆ ಗುಂಪಿನವರಿಗೆ ಇದ್ಯಾವುದೂ ಇರಲ್ಲ. ಅಂಕ ಏರಿದ್ದು ಸೊಪ್ಪಿನಿಂದಲೋ ನರ್ಸಮ್ಮನಿಂದಲೋ ಶಾನುಭೋಗರೇ ಹೇಳಲಿ.

2020ರಲ್ಲಿ ಬಂದ ಸಮೀಕ್ಷೆ ಪ್ರಕಾರ ಚೀನಾದಲ್ಲಿ 60 ದಾಟಿದವರಲ್ಲಿ ಶೇ 15.5 ಜನಕ್ಕೆ ಎಂಸಿಐ, ಸುಮಾರು 3.9 ಕೋಟಿ. ಅವರಿಗೆ ಕೊಡೋಕೆ ಮಾತ್ರೆ ಇಲ್ಲ. ಅಂಥ ಕಡೆ ಅಗ್ಗವಾಗಿ, ಎಲ್ಲರಿಗೂ ಗೊತ್ತಿರೋದನ್ನೇ ಸರ್ಕಾರವೂ ಮುಂದಿಡುತ್ತೆ, ಜನವೂ ಹಿಡೀತಾರೆ.

ಲೆಕ್ಕದ_ಶಾನುಭೋಗ

ಹೇಳೋಕೆ ಆಗಲ್ಲ, ಅದೇ ತಕರಾರು. ನರ್ಸಮ್ಮ ಇಬ್ಬರಿಗೂ ಇರಬೇಕು, ಸೊಪ್ಪು ಒಬ್ಬರಿಗೆ ಮಾತ್ರ ಇರಬೇಕು. ಆಗ ಗೊತ್ತಾಗುತ್ತೆ.

ಕುಪರ್ಟಿನೋ_ಕಾಫಿ (ಕ್ಯಾಲಿಫೋರ್ನಿಯಾ)

ಶಾಖದಲ್ಲಿ ಏನೋ ಇದೆ ಸರ್. ಫಿನ್ಲೆಂಡ್‌ನಲ್ಲಿ 2,315 ಗಂಡಸರನ್ನು ಸುಮಾರು 20 ವರ್ಷ ಹಿಂಬಾಲಿಸಿದ ಅಧ್ಯಯನ 2017ರಲ್ಲಿ ಬಂದಿದೆ. ವಾರಕ್ಕೆ ನಾಲ್ಕರಿಂದ ಏಳು ಸಲ ಸೌನಾ ಮಾಡಿದವರಿಗೆ, ಒಂದೇ ಸಲ ಮಾಡಿದವರಿಗಿಂತ ಡಿಮೆನ್ಷಿಯಾ ಶೇ 66 ಕಡಿಮೆ. ಇಲಿಗಳಲ್ಲಿ ಮಾಕ್ಸಾ ಕೊಟ್ಟು ಅಮೈಲಾಯ್ಡ್ ಕಡಿಮೆಯಾದ ವರದಿಗಳೂ ಇವೆ. ಚರ್ಮದಲ್ಲಿ ಬಿಸಿ ಗುರುತಿಸೋ ಟಿಆರ್‌ಪಿವಿ1 ಅನ್ನೋ ನರದ್ವಾರ ಇದೆಯಲ್ಲ, ಅದರ ಮೂಲಕ ಇರಬಹುದು ಅಂತಾರೆ.

ಹಿರಿಯರ_ಡಾಕ್ಟ್ರು

ದಿನಾ ಸೌನಾಕ್ಕೆ ಹೋಗೋಕೆ ಮೊದಲೇ ಆರೋಗ್ಯ ಬೇಕಲ್ಲ ಸ್ವಾಮಿ. ಹೃದ್ರೋಗ ಇರೋರು, ಮಂಕಾಗಿರೋರು ಹೋಗಲ್ಲ. ಅದೂ ಅಲ್ಲದೆ ಅದು ಇಡೀ ಮೈಯ ಶಾಖ, ಎದೆಬಡಿತ ಏರುತ್ತೆ, ಬೆವರುತ್ತೆ, ಹೆಚ್ಚುಕಡಿಮೆ ನಡಿಗೆಗೆ ಸಮ. ಮೊಣಕಾಲ ಕೆಳಗೆ ನಾಲ್ಕಾಣೆ ಅಗಲದ ಜಾಗ ಬಿಸಿ ಮಾಡೋದನ್ನು ಅದಕ್ಕೆ ಜೋಡಿಸಬೇಡಿ. ಇಲಿಗಳಲ್ಲಿ ಅಲ್‌ಝೈಮರ್ ಗುಣವಾದ ಮದ್ದುಗಳ ಪಟ್ಟಿ ಬಹಳ ಉದ್ದ ಇದೆ. ಮನುಷ್ಯರ ಪಟ್ಟಿ ಎಷ್ಟು ಉದ್ದ ಅಂತ ನಿಮಗೇ ಗೊತ್ತು.

ಮಲೆನಾಡ_ಸೊಸೆ (ಶೃಂಗೇರಿ)

ನಡುವೆ ಒಂದು ಪ್ರಶ್ನೆ. ಫೋಟೋ ಹುಡುಕಿ ನೋಡಿದೆ, ಆ ಸೊಪ್ಪು ನಮ್ಮ ಮಾಚಿಪತ್ರೆಯ ಹಾಗೇ ಇದೆ. ಗಣಪತಿಯ ಇಪ್ಪತ್ತೊಂದು ಪತ್ರೆಯಲ್ಲಿ ಬರುತ್ತಲ್ಲ, ಅದು. ಹಿತ್ತಲಲ್ಲಿ ಬೇಕಾದಷ್ಟಿದೆ. ಅದನ್ನೇ ಒಣಗಿಸಿ ಸುತ್ತಬಹುದಾ?

ಸೂಜಿ_ಮದ್ದು

ಅಕ್ಕಾ, ಒಂದೇ ಕುಲ, ಆರ್ಟಿಮೀಸಿಯಾ. ನಮ್ಮ ದವನವೂ ಅದೇ ಕುಲದ್ದೇ. ಆದರೆ ಚೀನಾದ್ದು ಬೇರೆ ಪ್ರಭೇದ, ಹದ ಮಾಡೋ ಕ್ರಮವೂ ಬೇರೆ. ಮನೆಯಲ್ಲಿ ಸುತ್ತಿದ್ದು ಸಮನಾಗಿ ಉರಿಯಲ್ಲ, ಕೆಂಡ ಕಳಚಿ ಬೀಳುತ್ತೆ. ಗಣಪನಿಗೇ ಇರಲಿ ಬಿಡಿ.

ನಿರ್ವಾಹಕ

ಮಾಕ್ಸಾ ಕಡ್ಡಿ ಕೊರಿಯರ್ ಮಾಡುತ್ತೇವೆ, ಹದಿನೈದು ದಿನದಲ್ಲಿ ಮರೆವು ಮಾಯ ಅಂತ ಫೋನ್ ನಂಬರ್ ಹಾಕಿದ್ದ ಪೋಸ್ಟ್ ತೆಗೆದಿದ್ದೇನೆ. ಇನ್ನೊಮ್ಮೆ ಹಾಕಿದರೆ ಖಾತೆಯೇ ಬಂದ್. ಚರ್ಚೆ ಮುಂದುವರಿಯಲಿ.

ಬೆಣ್ಣೆದೋಸೆ_ಊರು (ದಾವಣಗೆರೆ)

ನಮ್ಮ ತಾಯಿಗೂ ಇದೇ ಥರ ಶುರುವಾಗಿದೆ, 70. ಹಾಲು ಉಕ್ಕಿಸೋದು, ಕೀಲಿಕೈ ಹುಡುಕೋದು. ಮಾಕ್ಸಾ ಗೀಕ್ಸಾ ನಮಗೆ ಬೇಡ. ಅರವತ್ತಕ್ಕೆ ಅರಳುಮರಳು ಅಂತ ಮನೆಯಲ್ಲಿ ಎಲ್ಲಾ ಸುಮ್ಮನಿದ್ದಾರೆ. ಎಲ್ಲಿ ತೋರಿಸಲಿ?

ಹಿರಿಯರ_ಡಾಕ್ಟ್ರು

ಸುಮ್ಮನಿರಬೇಡಿ. ಮೊದಲು ನಿಮ್ಮೂರಿನ ಫಿಸಿಷಿಯನ್ ಹತ್ತಿರ ಬಿ12, ಥೈರಾಯ್ಡ್, ಸಕ್ಕರೆ, ಬಿಪಿ, ಕಿವಿ. ಸಸ್ಯಾಹಾರಿಗಳಾದ್ರೆ ಬಿ12 ಮೇಲೆ ಇನ್ನೂ ಗುಮಾನಿ ಇರಲಿ. ಜಿಲ್ಲಾಸ್ಪತ್ರೆಯಲ್ಲಿ ಮೆದುಳು ಆರೋಗ್ಯದ ಕ್ಲಿನಿಕ್ ಶುರುವಾಗಿದೆಯಾ ವಿಚಾರಿಸಿ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಅಂತ ನಡೆಸ್ತಿದ್ದಾರೆ. ಮೋಕಾ ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲಿ ಕೇಳಿ ಅಂಕ ಕಡಿಮೆ ಕೊಟ್ಟರೆ ಒಪ್ಪಬೇಡಿ. ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರದವರು ವರ್ಷಗಳಿಂದ ಹಿರಿಯರನ್ನು ಹಿಂಬಾಲಿಸಿ ನೋಡ್ತಿದ್ದಾರೆ. ನಮ್ಮ ಜನರ ಮರೆವಿನ ಬಗ್ಗೆ ನಮ್ಮದೇ ಲೆಕ್ಕ ಬರೋದು ಅಂಥ ಕಡೆಯಿಂದ.

ಗಾನ್_ನದಿ ಅವರಿಗೆ ಒಂದು ಮಾತು. ಚಿಕ್ಕಮ್ಮಂದಿರಿಗೆ ಚೀನೀ ಪರಂಪರೆಯದ್ದೇ ಬೇಕು ಅಂದ್ರೆ ನಿಧಾನ ಚಲನೆಯ ವ್ಯಾಯಾಮ ತಾಯ್ ಚಿ ಇದೆಯಲ್ಲ! ಅಮೆರಿಕದ ಒರೆಗಾನ್‌ನ ಸಂಶೋಧಕರು ಮರೆವು ಶುರುವಾದ 318 ಹಿರಿಯರ ಮೇಲೆ ಪ್ರಯೋಗ ಮಾಡಿ 2023ರಲ್ಲಿ ಪ್ರಕಟಿಸಿದ್ದಾರೆ. ಬರೀ ಮೈ ಸಡಿಲಿಸೋ ವ್ಯಾಯಾಮ ಮಾಡಿದವರಿಗಿಂತ ತಾಯ್ ಚಿಯವರ ಮೋಕಾ ಅಂಕ ಚೆನ್ನಾಗಿ ಏರಿತ್ತು. ಚಲನೆಯ ಜೊತೆಗೇ ಬುದ್ಧಿಗೂ ಕೆಲಸ ಕೊಟ್ಟ ಗುಂಪಿನದ್ದು ಎಲ್ಲಕ್ಕಿಂತ ಮೇಲು. ನಿಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಬೆಳಿಗ್ಗೆ ಮಾಡ್ತಾನೇ ಇರ್ತಾರೆ.

ಗಾನ್_ನದಿ_ದಂಡೆ

ಎಲ್ಲರಿಗೂ ಧನ್ಯವಾದ. ಬರೆಯೋದು ತಡವಾಯ್ತು, ಪರೀಕ್ಷೆಗಳು ಮುಗೀಲಿ ಅಂತ ಕಾಯ್ತಿದ್ದೆ.

ಮಾವ ತಗೋತಿದ್ದದ್ದು ಮೆಟ್‌ಫಾರ್ಮಿನ್ನೇ. ಬಿ12 ಕೆಳಗಿನ ಗೆರೆ ಹತ್ತಿರ ಬಂದಿದೆ, ಇಂಜೆಕ್ಷನ್ ಶುರು ಮಾಡಿದ್ದಾರೆ. ಥೈರಾಯ್ಡ್ ಸರಿ ಇದೆ. ಕಿವಿ ಎರಡೂ ಮಂದ, ಎಡಗಿವಿ ಜಾಸ್ತಿ. ಸಿಗ್ನಲ್ ಮನೆಯ ಸದ್ದಿನಲ್ಲಿ ಇಷ್ಟು ವರ್ಷ ಕೂತವರು, ಆಶ್ಚರ್ಯ ಇಲ್ಲ. ಮಾಜಾಂಗ್‌ನಲ್ಲಿ ಬಿಟ್ಟ ಕಾಯಿಯ ಹೆಸರನ್ನು ಎದುರಿನವರು ಕೂಗಿ ಹೇಳ್ತಾರೆ. ಅದು ಇವರಿಗೆ ಕೇಳಿಸ್ತಿತ್ತಾ ಅನ್ನೋದೇ ಈಗ ಅನುಮಾನ.

ಪಾದದಲ್ಲಿ ಸ್ಪರ್ಶ ಕಡಿಮೆ, ಮೊಣಕಾಲ ಹತ್ತಿರ ಪರವಾಗಿಲ್ಲ ಅಂದರು. ಇದನ್ನು ಹೇಳಿದ್ದಕ್ಕೆ ಚೀನೀ ವೈದ್ಯರೂ ಜಗಳ ಆಡಲಿಲ್ಲ. ಮನೆಯಲ್ಲಿ ಬೇಡ, ಆಸ್ಪತ್ರೆಗೇ ಬನ್ನಿ, ನೆತ್ತಿಗೆ ಕೆಂಡ ಬಿಟ್ಟು ಬೇರೆ ನೋಡೋಣ ಅಂದರು. ನನಗೆ ಕೆಲಸ ತಪ್ಪಿತು. ಚಿಕ್ಕಮ್ಮಂದಿರು ಮಾತ್ರ ನನ್ನನ್ನು ವಿದೇಶಿ ಪುಕ್ಕಲ ಅನ್ನುತ್ತಿದ್ದಾರೆ. ಮಾವ ಮಾಕ್ಸಾ ಬಿಡಲು ಒಪ್ಪಲ್ಲ, ಅಲ್ಲಿ ಹಳೆಯ ರೈಲ್ವೆಯವರು ಇಬ್ಬರು ಸಿಕ್ಕಿದ್ದಾರಂತೆ. ಮಧ್ಯಾಹ್ನ ಊಟ ಆದ ಕೂಡಲೇ ಚಪ್ಪಲಿ ಹಾಕಿಕೊಂಡು ನಿಂತಿರ್ತಾರೆ.

ಡಾಕ್ಟ್ರೇ, ಒಂದೇ ಪ್ರಶ್ನೆ ಉಳಿದಿದೆ. ಬಿ12 ಶುರುವಾಗಿದೆ, ಕಿವಿಯಂತ್ರ ಬರುತ್ತೆ, ಮಾಕ್ಸಾ ನಡೀತಿದೆ. ಆರು ತಿಂಗಳಿಗೆ ಅಂಕ ಏರಿದ್ರೆ ಚಿಕ್ಕಮ್ಮಂದಿರು ಸೊಪ್ಪಿಗೇ ಹಾರ ಹಾಕ್ತಾರೆ. ಏನು ಮಾಡಲಿ?

ಹಿರಿಯರ_ಡಾಕ್ಟ್ರು

ಹಾಕಲಿ ಬಿಡಿ. ನೀವು ಸಂಶೋಧನೆ ಮಾಡ್ತಿಲ್ಲ, ಮಾವನನ್ನು ನೋಡಿಕೊಳ್ತಿದ್ದೀರಿ. ಬಿ12 ಇಂಜೆಕ್ಷನ್ ತಪ್ಪಬಾರದು, ಬಿಪಿ ಏರಬಾರದು, ಮಾಕ್ಸಾ ಇದೆ ಅಂತ ನಡಿಗೆ ನಿಲ್ಲಬಾರದು. ಮೋಕಾದಲ್ಲಿ ಬದಲಿ ಪ್ರಶ್ನೆಪತ್ರಿಕೆಗಳಿವೆ, ಮುಂದಿನ ಸಲ ಬೇರೆಯದರಲ್ಲಿ ಮಾಡಿ ಅಂತ ಕೇಳಿ. ಕಿವಿಯಂತ್ರ ಹಾಕಿಕೊಂಡೇ ಪರೀಕ್ಷೆಗೆ ಕೂರಲಿ. ಸ್ಪರ್ಶ ಪರೀಕ್ಷೆಯನ್ನೂ ಆಗಾಗ ಮಾಡಿಸ್ತಿರಿ, ಇವತ್ತು ಸರಿ ಇರೋ ಮೊಣಕಾಲು ನಾಳೆಯೂ ಸರಿ ಇರುತ್ತೆ ಅಂತ ಇಲ್ಲ.

ಕಿವಿಯಂತ್ರದಿಂದಲೂ ಪವಾಡ ನಿರೀಕ್ಷಿಸಬೇಡಿ. 2023ರಲ್ಲಿ ಬಂದ ಅಮೆರಿಕದ ಪ್ರಯೋಗದಲ್ಲಿ 70ರಿಂದ 84 ವಯಸ್ಸಿನ 977 ಜನ ಇದ್ದರು. ಒಟ್ಟಾರೆ ನೋಡಿದರೆ ವ್ಯತ್ಯಾಸ ಕಾಣಲಿಲ್ಲ. ಸಕ್ಕರೆ, ಬಿಪಿ ಥರದ ಅಪಾಯ ಜಾಸ್ತಿ ಇದ್ದ ಗುಂಪಲ್ಲಿ ಮಾತ್ರ ಮೂರು ವರ್ಷದಲ್ಲಿ ಕುಸಿತ ಶೇ 48ರಷ್ಟು ನಿಧಾನವಾಗಿತ್ತು. ನಿಮ್ಮ ಮಾವ ಆ ಗುಂಪಿಗೆ ಹತ್ತಿರ ಇದ್ದಾರೆ.

ಬೆಳವಲ_ಹುಡುಗ

ಗಾನ್ ನದಿ ಅಣ್ಣಾರ, ಕಿವಿ ಮಷಿನ್ನಿಗೆ ಅಲ್ಲಿ ಸರಕಾರದಿಂದ ಏನರ ಕೊಡ್ತಾರೇನ್ರಿ? ನಮ್ಮ ಅಪ್ಪಗ ಕೊಡಸಬೇಕಂತ ಒಂದ ವರ್ಷ ಆತು, ಹಾಕ್ಕೊಳ್ಳಾಕ ಒಲ್ಲೆ ಅಂತಾನ. ನಿಮ್ಮ ಮಾವ ಹೆಂಗ ಒಪ್ಪಿದ್ರು?

ಗಾನ್_ನದಿ_ದಂಡೆ

ಇನ್ನೂ ಒಪ್ಪಿಲ್ಲ ಅಣ್ಣ. ಮಾಕ್ಸಾ ಮಂಚದ ಆ ಇಬ್ಬರು ರೈಲ್ವೆಯವರಲ್ಲಿ ಒಬ್ಬರು ಯಂತ್ರ ಹಾಕ್ತಾರೆ. ಅವರ ಕೈಲಿ ಹೇಳಿಸೋಣ ಅಂತ ಇದ್ದೀನಿ. ಸಬ್ಸಿಡಿ ವಿಷಯ ವಿಚಾರಿಸಿ ಬೇರೆ ಎಳೆ ಶುರು ಮಾಡ್ತೀನಿ, ಅಲ್ಲಿ ಬನ್ನಿ.